ಎಣ್ಣಿ ತಿಂದ ಹೆಸರು

ಡಬ್ಬಿ ಬರಲಿಲ್ಲ.
ಹೈದ್ರಾಬಾದಿನಿಂದ ಹೊಂಟ ಹದಿನಾಲ್ಕು ರೀಲು
ವಾಡಿ ಜಂಕ್ಷನ್ನಿನ ಹಮಾಲ ಯಾರೋ
ನಮ್ಮ ಗಾಡಿ ಬಿಟ್ಟು ಸೊಲ್ಲಾಪುರದ ಗಾಡಿಗೆ ಏರಿಸಿದ್ದ.
ಐವತ್ತಾರರ ಬ್ಯಾಸಿಗಿ. ಯಾದಗಿರಿ
ಯಾವ ರಾಜ್ಯದ ಗಾಡಿ ಏರಬೇಕು ಅನ್ನೂದೂ
ಆಗಿನ್ನೂ ಪಕ್ಕಾ ಆಗಿರಲಿಲ್ಲ.

ಟಿನ್ನಿನ ಸೂರು, ಕೆಳಗ ಶಹಾಬಾದ ಫರಸಿ,
ನಾಕಾಣೆ ಕೊಟ್ಟು ಕುಂತ ಮಂದಿ,
ಜನಾನಾ ಪರದೆಯಾಚೆ ಬಳಿ ಸಪ್ಪಳ.
ರೊಕ್ಕ ಹೊಳ್ಳಿ ಕೊಡೂ ಮಾತು ಎದ್ದರ
ಮಾಲಕ ಗುಂಡೇರಾಯರಿಗೆ ಕೆಮ್ಮು.
ಕೆಮ್ಮಿದರು. ನನ್ನ ಕರೆದರು.
ನಾನು ಝಟಕಾದಾಗ ಭೋಂಗಾ ಹಿಡಿದು ಊರು ತಿರುಗಾಂವ,
ಐದನೆತ್ತ ಫೇಲು, ದನಿ ಮಾತ್ರ ಪಾಸು.
"ಚಿತ್ರದ ಮಂದಿಗೆ ಇನಾಮು ಕೊಟ್ಟಾರಂತ,
ಪೇಪರದಾಗ ಬಂದದ. ಅದನ್ನರೆ ಓದು."

ಪೇಪರು ಮೂರು ದಿನದ್ದು.
ಅಷ್ಟರಾಗ ಒಮ್ಮೆ ಸೂಗಮ್ಮನ ಮಿರ್ಚಿ ಭಜಿ ಕಟ್ಟಿ ಬಂದಿತ್ತು.

ಸ್ಟೂಲು ಏರಿದೆ.
ನಾಯಕನ ಹೆಸರಿಗೆ ಸಿಳ್ಳು.
ನಾಯಕಿಯ ಹೆಸರಿಗೆ ಪರದೆಯಾಚೆ ಒಂದು ನಗು,
ಯಾರದಂತ ಊರಾಗ ಆರು ತಿಂಗಳು ಜಗಳ.
ಹಾಡು ಬರದವಗ ಇನಾಮು ಅಂದೆ.
"ಹಾಡು ಬರೀತಾರೇನು?
ತಾವೇ ಬರ್ತಾವಂತ ಮಾಡಿದ್ದೆ,"
ಅಂದ ಹಿಂದಿನ ಸಾಲಿನ್ಯಾಗ ಒಬ್ಬ, ಖರೇನ ನೊಂದು.
ಕತ್ತರಿ ಹಿಡಿದವಗ ಅಂದಾಗ
ಮ್ಯಾರ ಶಂಕ್ರೆಪ್ಪ ಎದ್ದು ನಿಂತುಬಿಟ್ಟ,
ಅವನ ಹೆಂಡತಿ ಆಚೆಯಿಂದ ಕುಂದ್ರಿಸಿದಳು.

ಕಡೀ ಸಾಲು: ಧ್ವನಿ.
ಅದರ ಮುಂದ ಎಣ್ಣಿ.
ಕಲ್ದಾರ ರೂಪಾಯಿಯಷ್ಟು ಅಗಲ,
ಅದರೊಳಗ ಹಿಂದಿನ ಪುಟದ ಶೇಂಗಾ ಧಾರಣಿ
ಉಲ್ಟಾ ಕಾಣ್ತಿತ್ತು.

"ಧ್ವನಿಗೆ ಯಾರಿಗೋ ತಮ್ಮಾ?"
ಸೂಗಮ್ಮ, ಬುಟ್ಟಿ ಮುಂದಿಂದ.
ತನ್ನ ಬಾಣಲಿಯೇ ನುಂಗ್ಯಾದಂತ ಅಕಿಗೇನು ಗೊತ್ತು.

ಮ್ಯಾಲ ಕ್ಯಾಬಿನ್ನಿನ ಕಿಂಡಿಯಾಗ ಬೀಡಿಯ ಕೆಂಪು,
ಲಾಡ್ಲೇಸಾಬ.
ಒಂದು ಕಿವಿ ಮಷೀನು ತಿಂದಿತ್ತು,
ಇನ್ನೊಂದು ಕಿವಿಲೆ ಊರಿಗೆಲ್ಲ ಕೇಳಿಸಾಂವ.
ದನಿ ಬಿದ್ದರ ಆಂಪ್ಲಿಫೈಯರಿನ ಬೆನ್ನು
ಕೂಸಿನದ್ದು ತಟ್ಟಿದಂಗ ತಟ್ಟಿ ಎಬ್ಬಿಸಾಂವ.
ಒಮ್ಮೆ ಏಳಲೇ ಇಲ್ಲ;
ಆ ರೀಲು ಪೂರಾ
ತಾಯಿ, ಮಗ, ಫೌಜುದಾರ, ಕಡೀಕೆ ನಾಯಿ,
ಎಲ್ಲಾರ ಮಾತೂ ಕಿಂಡಿಯಿಂದ ತಾನೇ ಕೂಗಿದ್ದ.

"ಧ್ವನಿಗೆ," ಅಂದೆ,
"ಯಾದಗಿರಿಯ ಲಾಡ್ಲೇಸಾಬ."

ಚಪ್ಪಾಳಿಗೆ ಟಿನ್ನು ಏಳತಿತ್ತು.
ಗುಂಡೇರಾಯರು ಕೆಮ್ಮೂದು ಮರೆತರು.
ಅವ ಇಳಿದು ಬಂದ, ಮಸಿ ಕೈ ಒರಸ್ಕೋತ,
ಚೊಲೋ ಕಿವಿ ನನ್ನ ಬಾಯಿ ಹತ್ರ ತಂದ:
"ಯಾರಂದಿ? ಇನ್ನೊಮ್ಮೆ ಅನ್ನು."
ಎರಡನೇ ಸಲದ ಸುಳ್ಳು
ಮೊದಲಿನಷ್ಟು ಹಗುರ ಇರೂದಿಲ್ಲ.
ಅಂದೆ.

ಪೇಪರು ಇಸಗೊಂಡ.
ಎಣ್ಣಿ ಕಲಿ ಬಲ್ಬಿಗೆ ಹಿಡಿದು ನೋಡಿದ,
ಹರಿದ ರೀಲಿನ ತುಂಡು ಹಿಡಿದು ನೋಡೂವಂಗ.
ದಿನಾ ತಲೆಕೆಳಗ ರೀಲು ಹಾಕಾಂವ,
ಉಲ್ಟಾ ಓದೂದು ಅವಗೇನು ತ್ರಾಸಲ್ಲ.
"ಶೇಂಗಾ ಏರ್ಯಾದ," ಅಂದ.
ಏಣಿ ಏರಿ ಹೋದ.

ಎರಡು ದಿನಕ್ಕ ಡಬ್ಬಿ ಬಂತು.
ದೀಪ ಆರಿತು. ಬಿಳೀ ಬಟ್ಟಿ ಮ್ಯಾಲ
ನಾಯಕಿ ಬಾಯಿ ತೆಗೆದು ಮೊದಲನೇ ಮಾತು ಅಂದಳು,
ಅಷ್ಟೂ ಮಂದಿ ಹೊಳ್ಳಿ ಕುಂತು
ಹಿಂದಿನ ಕಿಂಡಿ ನೋಡಿದರು.
ಪಾಪ ಅಕಿ, ಬೆನ್ನುಗಳಿಗೆ ಮಾತಾಡಿದಳು.

ಭಾಳ ವರ್ಷಕ್ಕ, ಕಲಬುರ್ಗಿ ಲೈಬ್ರರಿಯಾಗ
ಅದೇ ತಾರೀಖು ಕೇಳಿ ತೆಗೆಸಿದೆ.
ಎಣ್ಣಿ ಹತ್ತದ ಪೇಪರು, ಮುಟ್ಟಿದರ ಉದುರೂ ಅಂಚು.
ಅಲ್ಲಿತ್ತು. ಸಣ್ಣ ಹೆಸರು,
ಅದೊಂದಕ್ಕ ಮಾತ್ರ ಅಚ್ಚಿನ ಮಸಿ ಕಮ್ಮಿ.
ಓದಿದೆ. ಮನಸಿನ್ಯಾಗಲ್ಲ, ಬಾಯಿಬಿಟ್ಟು,
ಭೋಂಗಾ ಇಲ್ಲದ, ಇದ್ದಷ್ಟು ದನಿಲೆ.

ಎದುರಿನ ಹುಡುಗ ತಲೆ ಎತ್ತಿದ: "ಏನ್ರಿ?"
"ಏನಿಲ್ಲಪ್ಪ," ಅಂದೆ,
"ಬಾಕಿ ಇತ್ತು."