ಬಿಚ್ಚಿಡುವ ನೆರಳು

ಗೋಧಿ ಲಾರಿಗಳಿಗೆ ಟಾರ್ಪಾಲು ಹೊಲಿಯುವವಳು ನಾನು.
ಸಾಸ್ಕಾಚೆವನ್ನಿನ ಈ ಬಯಲಲ್ಲಿ
ಗಾಳಿಗೆ ಅಡ್ಡ ನಿಲ್ಲುತ್ತಿದ್ದದ್ದು ಎರಡೇ:
ರೈಲುಹಳಿ ಪಕ್ಕದ ಧಾನ್ಯದ ಗೋಪುರ, ನನ್ನ ಹೊಲಿಗೆ.
ಗೋಪುರವನ್ನು ಹೋದ ವರ್ಷ ಕೆಡವಿದರು.

ಸಾಫ್ಟ್‌ಬಾಲ್ ಸಂಘದವರು ಬಂದದ್ದು ಮಾರ್ಚಿನಲ್ಲಿ,
ಬೂಟಿಗೆ ಇನ್ನೂ ಹಿಮ ಅಂಟಿತ್ತು.
ಹುಡುಗಿಯರು ಕೂರುವ ಬೆಂಚಿಗೊಂದು ಮಾಡು ಬೇಕಂತೆ,
ಇಟ್ಟಿಗೆಯದಲ್ಲ, ತಗಡಿನದಲ್ಲ,
ಅದಕ್ಕೆಲ್ಲ ದುಡ್ಡೆಲ್ಲಿ.
ಕಬ್ಬಿಣದ ಕೊಳವೆಯ ಚೌಕಟ್ಟು ಅವರದು,
ಬಟ್ಟೆ ನನ್ನದು.
ಮೇನಲ್ಲಿ ತೊಡಿಸಿ ಅಕ್ಟೋಬರಿನಲ್ಲಿ ಬಿಚ್ಚಬೇಕು,
ಮಗುವಿನ ಕುಲಾವಿಯ ಹಾಗೆ.

ಅಳೆಯಲು ಹೋದೆ. ಟೇಪು ಗಾಳಿಗೆ ಹಾವಾಯಿತು.
ಕೋಚು ಡಾರ್ಲಾ ಹ್ರಿಚುಕ್ ಒಂದು ತುದಿಯನ್ನು
ಬೂಟಿನಡಿ ಮೆಟ್ಟಿ ನಿಂತಳು.
ಇಪ್ಪತ್ತೊಂದು ಅಡಿ ಉದ್ದ, ಏಳು ಅಗಲ.
ಒಂದು ಗೇಣು ಹೆಚ್ಚಿಗೆ ಬಿಡು ಸ್ಟೆಫಾ, ಎಂದಳು.
ಬಿಡಲಿಲ್ಲ.
ಸಡಿಲ ಬಟ್ಟೆ ಗಾಳಿಯ ಜೊತೆ ಮಾತಿಗೆ ನಿಲ್ಲುತ್ತದೆ,
ಮಾತು ಬೆಳೆದರೆ ಹರಿಯುತ್ತದೆ.

ಹಸಿರು ಬಟ್ಟೆ. ಅಂಗಡಿಯಲ್ಲಿ ಉಳಿದದ್ದೇ ಅದು.
ಮೊದಲ ಪಂದ್ಯದ ದಿನ ಒಳಗೆ ಇಣುಕಿದರೆ
ಹದಿಮೂರು ಮುಖಗಳೂ ಹಸಿರು,
ಉಪ್ಪು ನೀರಿಗೆ ಹಾಕಿದ ಎಳೆ ಸೌತೆಯ ಹಾಗೆ.
ಹೊರಗೆ ಓಡಿದವರು ಬಿಸಿಲಲ್ಲಿ
ತಮ್ಮ ತಮ್ಮ ಬಣ್ಣಕ್ಕೆ ಮರಳಿದರು.
ಒಬ್ಬಳು ಮಾತ್ರ ಹಸಿರಾಗಿಯೇ ಉಳಿದಳು.

ರೇನೆಲ್ ಮೂಸ್‌ಹಂಟರ್, ಹದಿಮೂರನೆಯವಳು.
ಅಂಕ ಬರೆಯುವ ಪೆನ್ಸಿಲು, ನೀರಿನ ಕ್ಯಾನು,
ಹೆಲ್ಮೆಟ್ಟುಗಳ ಸಾಲು ಅವಳ ವಶ.
ಸೂರ್ಯಕಾಂತಿ ಬೀಜ ಕಡಿದು
ಸಿಪ್ಪೆಯನ್ನು ಎಲ್ಲರ ಹಾಗೆ ನೆಲಕ್ಕೆ ಉಗುಳದೆ
ಕಾಗದದ ಲೋಟಕ್ಕೆ ಹಾಕುತ್ತಿದ್ದಳು.
ಕಸ ಗುಡಿಸಿ ಬಲ್ಲವರಿಗೆ ಗೊತ್ತು, ಹಾಗೆ ಮಾಡುವವರು ಯಾರೆಂದು:
ಅಲ್ಲಿ ಇರಲು ಬಂದವರು.
ಉಳಿದವರಿಗೆ ಅದು ಬಸ್ ನಿಲ್ದಾಣ.

ನಾನು ಹೋಗುತ್ತಿದ್ದದ್ದು ಆಟ ನೋಡಲಲ್ಲ.
ಚೆಂಡು ಎತ್ತ ಹಾರಿದರೂ ನನ್ನ ಕಣ್ಣು ಹೊಲಿಗೆಯ ಮೇಲೆ.
ಎಡಮೂಲೆಯ ಹಿತ್ತಾಳೆ ಉಂಗುರದ ಮೇಲೆ ಮೊದಲಿಂದಲೂ ಗುಮಾನಿ.
ಅಲ್ಲಿ ಹಗ್ಗ ಕಟ್ಟಿದವನು ಡಾರ್ಲಾಳ ಗಂಡ;
ಷೂ ಲೇಸಿನ ಗಂಟು.

ಜುಲೈ. ಪಕ್ಕದೂರಿನ ತಂಡ, ಐದನೇ ಇನ್ನಿಂಗ್ಸು.
ಪಡುವಣ ತಾಮ್ರವಾಯಿತು,
ಅಂಪೈರು ಟೋಪಿ ಹಿಡಿದುಕೊಂಡ.
ಮೊದಲು ಕಿತ್ತುಬಂದದ್ದು ಆ ಉಂಗುರವೇ.
ಆಮೇಲೆ ಸರಸರ ಒಂದೊಂದೇ, ಬಟಾಣಿ ಸುಲಿದಂತೆ.
ಇಡೀ ಮಾಡು ಎದ್ದು
ಒಂದು ಕ್ಷಣ ಮೈದಾನದ ಮೇಲೆ
ಇನ್ನೊಂದು ಮೈದಾನವಾಗಿ ನಿಂತಿತು.

ಎಲ್ಲರೂ ಕಾರುಗಳತ್ತ ಓಡಿದರು.
ರೇನೆಲ್ ಅದರ ಹಿಂದೆ.
ಎರಡನೇ ಬೇಸ್ ದಾಟಿ, ಸುಣ್ಣದ ಗೆರೆ ದಾಟಿ,
ಬೇಲಿಯ ಹತ್ತಿರ ನೆಗೆದು
ಜೋತುಬಿದ್ದ ಹಗ್ಗ ಹಿಡಿದಳು.
ನಾಲ್ಕು ಹೆಜ್ಜೆ ಅವಳನ್ನು ಎಳೆಯಿತು ಬಟ್ಟೆ, ಐದನೆಯದಕ್ಕೆ
ಅದರ ಮೇಲೆ ಮಲಗಿಯೇಬಿಟ್ಟಳು.
ಕಾರುಗಳ ಒಳಗಿಂದ ಹಾರನ್ನುಗಳು, ಎರಡೂ ಊರಿನವು.
ಅಂಕದ ಹಾಳೆಯಲ್ಲಿ ಅದಕ್ಕೆ ಕಾಲಂ ಇಲ್ಲ.
ಇದ್ದಿದ್ದರೂ ಬರೆಯಬೇಕಾದವಳು ಅವಳೇ.

ಅಕ್ಟೋಬರಿನಲ್ಲಿ ಬಿಚ್ಚಲು ಬಂದವರು ನಾವಿಬ್ಬರೇ.
ಚಳಿಗೆ ಕಲ್ಲಾಗಿದ್ದ ಗಂಟನ್ನು
ಏಣಿಯ ಮೇಲೆ ನಿಂತು ಹಲ್ಲಿನಿಂದ ಬಿಡಿಸಿದಳು.
ಎರಡು ತುದಿ ಅವಳಿಗೆ, ಎರಡು ನನಗೆ.
ದುಪ್ಪಟಿ ಮಡಿಸುವ ಹಾಗೆ
ಹತ್ತಿರ ಬರುವುದು, ಹಿಂದೆ ಸರಿಯುವುದು, ಮತ್ತೆ ಹತ್ತಿರ.
ಮುಂದಿನ ವರ್ಷ? ಎಂದೆ, ಮೂರನೇ ಮಡಿಕೆಗೆ.
ನೋಡಬೇಕು, ಎಂದಳು. ವಾಲಿಬಾಲ್ ಇದೆಯಂತೆ.

ಮನೆಗೆ ತಂದು ನೋಡಿದರೆ ಒಳಮೈಯಲ್ಲಿ,
ಬೆಂಚಿನ ಕೊನೆಗೆ, ತಲೆ ಆನುವ ಎತ್ತರದಲ್ಲಿ
ಅಂಗೈಯಗಲದ ಎಣ್ಣೆ ಕಲೆ.
ತೊಳೆಯಲಿಲ್ಲ.
ಹರಿದ ಮೂಲೆಗೆ ತೇಪೆ ಹಾಕಿದೆ, ಹಸಿರು ಸಿಗದೆ ಕಿತ್ತಳೆ.
ಅಲ್ಲಿ ಮಾತ್ರ ಈ ಸಲ
ಒಂದು ಗೇಣು ಹೆಚ್ಚಿಗೆ ಬಿಟ್ಟಿದ್ದೇನೆ.
ಇಲಿ ಬಾರದಿರಲೆಂದು ಮಡಿಕೆಗಳ ನಡುವೆ ಸೋಪಿನ ತುಂಡು.

ಮೈದಾನದಲ್ಲೀಗ ಬರೀ ಕೊಳವೆಗಳು,
ಅವುಗಳ ಬಾಯಿಗೆ ಗಾಳಿ ಊದಿ ನೋಡುತ್ತಿದೆ.
ಬೆಂಚಿನ ಮೇಲೆ ಹಿಮ ಕೂತಿದೆ,
ಯಾರೂ ಏಳು ಎನ್ನುವುದಿಲ್ಲ.