ಕಡೆಯ ಹಾಳೆ

ದೊನ್ಸೆಲೆಸ್ ಬೀದಿಯ ಹಳೇ ಪುಸ್ತಕದಂಗಡಿಯ ಹಿಂದೆ,
ಮೆಟ್ಟಿಲ ಕೆಳಗಿನ ಒಂದೂವರೆ ಮಾರು ಜಾಗದಲ್ಲಿ
ನಾನು, ಕ್ರಿಸೋಫೊರೊ, ಐವತ್ತೆಂಟು ವರ್ಷದಿಂದ
ಮೈದಾ ಕಲಸಿ ಅಂಟು ಕಾಸುವವನು.
ಬೆನ್ನು ಮುರಿದ ಪುಸ್ತಕಕ್ಕೆ ಬೆನ್ನು ಕೊಡುತ್ತೇನೆ.
ನನ್ನ ಬೆನ್ನಿನ ಮಾತು ಬೇಡ.

ಬಾಡಿಗೆಗೆ ಹೋಗಿ ಬಂದ ಪತ್ತೇದಾರಿ ಪುಸ್ತಕಕ್ಕೆ
ಯಾವಾಗಲೂ ಒಂದೇ ರೋಗ: ಕಡೆಯ ಹಾಳೆ ಇರುವುದಿಲ್ಲ.
ಹೆಂಡತಿಗೆ ತಿಳಿಯದಿರಲೆಂದು ಯಾರೋ ಹರಿದಿರುತ್ತಾರೆ,
ಇಲ್ಲವೇ ತಂಬಾಕು ಸುತ್ತಲು.
ಅಂಗಡಿಯ ಡೋನ್ಯಾ ಒಬ್ದುಲಿಯಾ ಅಂದಳು, "ನೀನೇ ಬರೆದುಬಿಡು ಹುಡುಗಾ,
ಕೊಲೆಗಾರನಿಲ್ಲದ ಪುಸ್ತಕಕ್ಕೆ ಯಾರು ಕಾಸು ಕೊಡುತ್ತಾರೆ?"

ಬರೆದೆ. ಆಗ ಸುಲಭವಿತ್ತು.
ಪತ್ತೇದಾರನಿಗೆ ಇಂಗ್ಲಿಷ್ ಹೆಸರು, ಕೈಯಲ್ಲಿ ಕೊಡೆ,
ನಮ್ಮೂರು ಕಾಣದ ಮಂಜಿನಲ್ಲಿ ನಡೆಯುತ್ತಿದ್ದ.
ಬರೆದವನು ನಾರ್ವಾರ್ತೆ ಬಡಾವಣೆಯ ಹಲ್ಲಿನ ಡಾಕ್ಟರು;
ಲಂಡನ್ ನೋಡಿದ್ದು ಬಿಸ್ಕತ್ತಿನ ಡಬ್ಬಿಯ ಮೇಲೆ.
ಆರು ಜನ ದಿವಾನಖಾನೆಯಲ್ಲಿ ಕೂತಿರುತ್ತಿದ್ದರು.
ಕುಂಬಳಕಾಯಿ ಕಳ್ಳ ಅಂದರೆ ಸಾಕು,
ಅವರಲ್ಲೊಬ್ಬ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ.
ಅವನ ಹೆಸರು ಬರೆದು, ಶಾಯಿ ಒತ್ತಿ,
ಊಟಕ್ಕೆ ಏಳುತ್ತಿದ್ದೆ.

ಆಮೇಲೆ ಪತ್ತೇದಾರ ಕೊಡೆ ಬಿಟ್ಟ.
ಬುಕರೇಲಿ ಬೀದಿಯಲ್ಲಿ ಚಿಲ್ಲರೆ ಎಣಿಸಿ ಬಸ್ಸು ಹತ್ತಿದ,
ನಿಂತಲ್ಲೇ ತಮಾಲೆ ತಿಂದ, ಮೀಸೆಗೆಲ್ಲ ಖಾರ,
ಬಾಡಿಗೆ ಕೊಡದೆ ಮನೆಯೊಡತಿಯಿಂದ ಬೈಸಿಕೊಂಡ.
ಅಂಥವರು ಮೂವರು ನಮ್ಮ ಓಣಿಯಲ್ಲೇ ಇದ್ದರು,
ಯಾರೂ ಏನನ್ನೂ ಪತ್ತೆ ಹಚ್ಚಿದವರಲ್ಲ.

ಅರವತ್ತೆಂಟರ ಅಕ್ಟೋಬರಿನಲ್ಲಿ
ತ್ಲಾತೆಲೋಲ್ಕೊ ಚೌಕವನ್ನು ತೊಳೆದರು.
ಕಲ್ಲು ಒಣಗಿತು.
ಅದು ಪುಸ್ತಕದೊಳಕ್ಕೆ ಬರಲು ವರ್ಷಗಳೇ ಹಿಡಿದವು.
ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ
ಹೆಜ್ಜೆಗುರುತು ಅಳೆಯುವುದು ಯಾತಕ್ಕೆ?
ಕೊಂದವನ ಹೆಸರು ಮೂರನೆಯ ಪುಟದಲ್ಲೇ ಇರುತ್ತಿತ್ತು, ಹುದ್ದೆ ಸಮೇತ.
ಕಡೆಯ ಹಾಳೆಯಲ್ಲಿ ಅವನಿಗೆ ಬಡ್ತಿ.
ಆ ಹಾಳೆಗಳನ್ನು ನಾನು ಪೆನ್ಸಿಲಿನಲ್ಲಿ ಬರೆದೆ,
ಜೇಬಿನಲ್ಲಿ ರಬ್ಬರಿತ್ತು.
ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಈಗ ಬರುವವು ಉತ್ತರದವು, ಗಡಿಯ ಕಡೆಯವು.
ಹತ್ತನೆಯ ಪುಟಕ್ಕೇ ಪತ್ತೇದಾರ ಕಾಣೆ.
ಹೆಣವಿಲ್ಲ, ಹಾಗಾಗಿ ಕೊಲೆಯೂ ಇಲ್ಲ ಅನ್ನುತ್ತದೆ ಠಾಣೆ.
ಕಥೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ.
ಹಾಳೆ ಹರಿದಿದೆಯೋ, ಇದ್ದದ್ದೇ ಅಷ್ಟೋ,
ತಿಳಿಯಲು ಹೊಲಿಗೆ ಬಿಚ್ಚಬೇಕು.

ಹೋದ ಗುರುವಾರ ಸಿನಲೋವಾದಿಂದ ಒಬ್ಬಳು ಬಂದಳು,
ರೊಸೆಂದಾ ಉರ್ಕೀದಿ. ಚೀಲದಿಂದ ಹೊರಚಾಚಿದ ಕಬ್ಬಿಣದ ಸಲಾಕೆ.
"ಬಸ್ಸಿನಲ್ಲಿ ಬೇಡವೆಂದರು, ನಾನು ಬಿಟ್ಟುಬರಲಿಲ್ಲ."
ನೆಲಕ್ಕೆ ಇಳಿಸಿ, ಮೇಲೆಳೆದು, ತುದಿ ಮೂಸುತ್ತಾರಂತೆ.
ಅಲ್ಲಿ ತಾಯಂದಿರು ಹಾಗೆ ಹುಡುಕುತ್ತಾರೆ.
ಪುಸ್ತಕ ಮಗನದು. ನೂರಾ ಹನ್ನೆರಡನೆಯ ಪುಟದಲ್ಲಿ
ಬಸ್ಸಿನ ಚೀಟಿ. ಅಷ್ಟು ಓದಿದ್ದ.
ಹಿಂದಿನ ರಟ್ಟೂ ಇಲ್ಲ, ಕಡೆಯ ಹಾಳೆಯೂ ಇಲ್ಲ.

"ಬರೆದುಕೊಡಲೇ?" ಬಾಯಿ ಅಭ್ಯಾಸದಿಂದ ಅಂದುಬಿಟ್ಟಿತು.
ಅವಳು ನನ್ನ ಬೆರಳುಗಳನ್ನೇ ನೋಡಿದಳು.
"ಬಿಚ್ಚಿಹೋಗದ ಹಾಗೆ ಮಾಡಿ. ಚೀಟಿ ತೆಗೆಯಬೇಡಿ."

ಅಂಟು ಹಚ್ಚಿ, ದಾರ ಬಿಗಿದು, ಇಟ್ಟಿಗೆ ಹೇರಿದೆ.
ಅಷ್ಟು ಹೊತ್ತೂ ಅವಳು ನಿಂತೇ ಇದ್ದಳು.
ಕೊಟ್ಟಾಗ ಬಿಚ್ಚಿ ನೋಡಲಿಲ್ಲ.
ಬೆನ್ನಿನ ತುದಿಯನ್ನು ಮೂಗಿನ ಹತ್ತಿರ ತಂದು
ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದಳು.

"ಮೈದಾ," ಅಂದಳು.
"ಬರೀ ಮೈದಾ."