ಕಾಂತದ ಕೋಣೆ

ಪಿ.ಜೆ. ಬಡಾವಣೆಯ ನೆಲಮಾಳಿಗೆಯಲ್ಲಿ ನನ್ನ ಕೆಲಸ.
ಮೆಟ್ಟಿಲಿಳಿದು ಬಂದವರಿಗೆಲ್ಲ ಒಂದೇ ಮಾತು:
ಓಲೆ, ಉಂಗುರ, ಹೇರ್‌ಪಿನ್ನು, ಉಡಿದಾರ,
ಹಲ್ಲಿನ ಸೆಟ್ಟು, ಕಿಸೆಯ ಚಿಲ್ಲರೆ,
ಎಲ್ಲ ಹೊರಗಿಡಿ.
ಒಳಗಿರುವ ಕಾಂತ ಕರೆಂಟು ಹೋದರೂ ಮಲಗುವುದಿಲ್ಲ.
ಹೋದ ವರ್ಷ ಕಸ ಗುಡಿಸುವವಳ ಕಬ್ಬಿಣದ ಸ್ಟೂಲನ್ನು
ಎಳೆದುಕೊಂಡು ಮೂರು ದಿನ ಬಿಡಲಿಲ್ಲ.
ನಮ್ಮದೂ ಒಂದು ಮಡಿ, ಅಂತ ಒಮ್ಮೊಮ್ಮೆ ನಗುತ್ತೇನೆ.

ಮಾಯಕೊಂಡದ ಕೊಟ್ರಮ್ಮ ಒಂದೊಂದೇ ಬಿಚ್ಚಿ
ಮೊಮ್ಮಗಳ ಬೊಗಸೆಗೆ ಹಾಕಿದರು.
ಗುಂಡಿನ ಸರ. ಬುಗುಡಿ.
ಐವತ್ತು ವರ್ಷ ಕದಲದ ಕಾಲುಂಗುರಕ್ಕೆ
ಸೋಪು ಹಚ್ಚಬೇಕಾಯಿತು.
ಕೊರಳ ಬೆಳ್ಳಿ ಕರಡಿಗೆ ತೋರಿಸಿದಾಗ ಮಾತ್ರ
ಬಲಗೈ ಅದರ ಮೇಲೆ ಮುಷ್ಟಿಯಾಯಿತು.
(ಎಡಗೈಗೆ ಒಂದು ತಿಂಗಳಿಂದ ಜೋಮು,
ಅದಕ್ಕೇ ಬಂದದ್ದು.)

'ಇದು ಬಿಚ್ಚಾದಲ್ಲಪ್ಪ.
ಮಣ್ಣಿಗಿಟ್ಟಾಗ್ಲೂ ಕೈಯಾಗೇ ಇರತೈತೆ.'

ಮೊಮ್ಮಗಳು ನೀಲಾಂಬಿಕೆ, ಬಿ.ಎಸ್ಸಿ. ಎರಡನೇ ವರ್ಷ:
'ಅಜ್ಜಿ, ಅದು ಕಲ್ಲು.'
'ಹೂಂ, ಕಲ್ಲೇ. ಅಲ್ಲ ಅಂತ ನಾನ್ಯಾವಾಗ ಅಂದೆ?'

ಹೊರಗೆ ಹನ್ನೊಂದು ಜನ ಟೋಕನ್ ಹಿಡಿದು ಕೂತಿದ್ದರು.
ಬೆಳ್ಳಿಯನ್ನು ಕಾಂತ ಎಳೆಯುವುದಿಲ್ಲ, ಆದರೆ ಬಿಸಿಯಾದೀತು,
ಮುಚ್ಚಳದ ಕೀಲು ಯಾವ ಲೋಹವೋ ಗೊತ್ತಿಲ್ಲ.
'ಬೆಳ್ಳಿ ಬೇಡ ಅಜ್ಜಿ. ಒಳಗಿನದನ್ನು ನೋಡೋಣ?'

ಅವರು ನನ್ನ ಎದೆಯ ಹೆಸರುಪಟ್ಟಿ ನೋಡಿದರು: ದಾದಾಪೀರ್.
ಓದಲು ಬರುತ್ತಿತ್ತೋ ಇಲ್ಲವೋ.
ಮುಖ ನೋಡಿದರು.
'ಕೈ ತೊಳಕೊಂಡು ಬಾ.'

ತೊಳೆದುಕೊಂಡು ಬಂದೆ. ಡೆಟಾಲ್ ನಾರುವ ಕೈ.
ಅವರೇ ಬಿಚ್ಚಿದರು. ವಿಭೂತಿ ಮೆತ್ತಿದ ಅರಿವೆಯೊಳಗೆ
ನೇರಳೆಹಣ್ಣಿನಂಥ ಕಪ್ಪು.
ಲೋಹ ಹುಡುಕಲು ಇಟ್ಟುಕೊಂಡ ಪುಟ್ಟ ಕೈಗಾಂತವನ್ನು
ಮುಟ್ಟದ ಹಾಗೆ ಹತ್ತಿರ ಹಿಡಿದೆ.
ಹದಿನಾರು ವರ್ಷದ ನೌಕರಿಯಲ್ಲಿ
ದೇವರನ್ನು ಪರೀಕ್ಷೆ ಮಾಡಿದ್ದು ಅದೇ ಮೊದಲು.

ಏನೂ ಅಲುಗಲಿಲ್ಲ.

'ನೋಡಿದೆಯಾ, ಏನೂ ಇಲ್ಲ' ಅಂದಳು ಹುಡುಗಿ.
'ನೋಡಿದೇನು, ಯಾವುದಕ್ಕೂ ಜಗ್ಗಂಗಿಲ್ಲ' ಅಂದರು ಕೊಟ್ರಮ್ಮ.
ನನ್ನ ಫಾರಮ್ಮಿನಲ್ಲಿ ಇದ್ದದ್ದು ಒಂದೇ ಚೌಕ.
ಲೋಹ: ಇಲ್ಲ. ಟಿಕ್ ಹಾಕಿದೆ.

ಮಲಗಿಸಿ, ಕಿವಿಗೆ ಹತ್ತಿ ಇಟ್ಟು, ಕಂಬಳಿ ಹೊದಿಸಿ
ಬಲಗೈಗೆ ರಬ್ಬರಿನ ಉಂಡೆ ಕೊಟ್ಟೆ:
ಹೆದರಿಕೆಯಾದರೆ ಒತ್ತಿ, ಬರುತ್ತೇನೆ.
ಎಡಗೈಯಲ್ಲಿ ಅರಿವೆಯ ಗಂಟು.

ಇಪ್ಪತ್ತೇಳು ನಿಮಿಷ.
ಗಾಜಿನ ಈಚೆ ನಾನು, ಪರದೆಯ ಮೇಲೆ
ಹೋಳು ಹೋಳಾಗಿ ಬರುವ ಅವರ ತಲೆ.
ಎಷ್ಟು ಸಾವಿರ ಬೆಳಗಿನ ಪೂಜೆ ಇದರೊಳಗೆ ಇರಬೇಕು,
ಬೂದುಬಣ್ಣ, ಎಲ್ಲರದರ ಹಾಗೇ.
ಒಂದು ಕಡೆ ಸಜ್ಜೆಕಾಳಿನಷ್ಟು ಬಿಳಿ ಚುಕ್ಕೆ.
ಅದರ ಹೆಸರು ಡಾಕ್ಟರು ಹೇಳುತ್ತಾರೆ. ನಾನು ಹೇಳುವ ಹಾಗಿಲ್ಲ,
ಕಂಡದ್ದನ್ನು ಕಂಡ ಹಾಗೆ ಕಳಿಸುವುದಷ್ಟೇ.

ನನಗೂ ಒಂದು ತಾಯತ ಇತ್ತು.
ಕೆಲಸಕ್ಕೆ ಸೇರಿದ ದಿನ ಬಿಚ್ಚಿ ಲಾಕರಿನಲ್ಲಿಟ್ಟೆ,
ಸಂಜೆ ಕಟ್ಟಿಕೊಂಡರಾಯಿತು ಅಂತ.
ಯಾರ ಜತೆಗೂ ವಾದ ಮಾಡಲಿಲ್ಲ, ಏನನ್ನೂ ಓದಲಿಲ್ಲ.
ಅಮ್ಮ ಕೇಳಿದ್ದು ಒಂದೇ ಸಲ.
ಆ ಸಂಜೆ ಬಸ್ಸಿಗೆ ತಡವಾಗಿತ್ತು. ಅಷ್ಟೇ.

ಬಡಿತ ನಿಂತು ಮತ್ತೊಂದು ಬಡಿತ ಶುರುವಾಗುವ ನಡುವೆ
ಸ್ಪೀಕರಿನಲ್ಲಿ ಸಣ್ಣ ದನಿ:
'ಯಪ್ಪಾ, ಐತೇನು ಕೈಯಾಗೆ?
ನನಗೆ ತಿಳೀವಲ್ದು.'

ನೋಡಿದೆ. ಕಂಬಳಿ.
ಅದರ ಕೆಳಗೆ ಎಲ್ಲೋ ಕೈ, ಕೈಯೊಳಗೆ,
ಇದ್ದರೆ, ಗಂಟು.
ನನಗೆ ಕಾಣುತ್ತಿರಲಿಲ್ಲ.

ಗುಂಡಿ ಒತ್ತಿ ಅಂದೆ:
'ಐತೆ ಅಜ್ಜಿ.
ಅಲುಗಬೇಡಿ, ಇನ್ನು ನಾಲ್ಕು ನಿಮಿಷ.'